ಓಲೇಕಾರನ ಕೈಯೂ ಕರ್ತನ ಕೆನ್ನೆಯೂ

(ಧ್ಯಾನಕ್ಕೆ ಆಧಾರ: ಯೋಹಾನ 18:19–24, ರೋಮಾಪುರದವರಿಗೆ 13:1–7)



ನಮ್ಮ ಕರ್ತನು ಹಿಡಿಯಲ್ಪಟ್ಟ ರಾತ್ರಿಯಲ್ಲಿ ನಡೆದ ಒಂದು ಚಿಕ್ಕ ಸಂಗತಿಯನ್ನು ಯೋಹಾನನು ಬರೆದಿಟ್ಟಿದ್ದಾನೆ. ಮಹಾಯಾಜಕನು ಆತನ ಬೋಧನೆಯ ವಿಷಯವಾಗಿ ಪ್ರಶ್ನೆಮಾಡಿದನು. ಯೇಸುವು, ತಾನು ಗುಟ್ಟಾಗಿ ಏನನ್ನೂ ಬೋಧಿಸಲಿಲ್ಲವೆಂದೂ ಕೇಳಿದವರನ್ನೇ ವಿಚಾರಿಸಬಹುದೆಂದೂ ಉತ್ತರಕೊಟ್ಟನು. ಆಗ ಹತ್ತಿರ ನಿಂತಿದ್ದ ಓಲೇಕಾರರಲ್ಲಿ ಒಬ್ಬನು ಆತನ ಕೆನ್ನೆಗೆ ಹೊಡೆದನು. ಕರ್ತನು ಏನು ಮಾಡಿದನು? ತಿರುಗಿ ಹೊಡೆಯಲಿಲ್ಲ, ಸುಮ್ಮನೆಯೂ ಇರಲಿಲ್ಲ. ತನ್ನ ಮಾತಿನಲ್ಲಿ ತಪ್ಪಿದ್ದರೆ ಅದನ್ನು ತೋರಿಸಬೇಕೆಂದೂ, ತಪ್ಪಿಲ್ಲದಿದ್ದರೆ ಆ ಪೆಟ್ಟಿಗೆ ಕಾರಣವೇನೆಂದೂ ಹೊಡೆದವನನ್ನೇ ಕೇಳಿದನು.

ಈ ಸಂಗತಿಯನ್ನು ನಾವು ಅನೇಕಾವರ್ತಿ ಓದಿ ಮುಂದಕ್ಕೆ ಹೋಗುತ್ತೇವೆ. ಶಿಲುಬೆಯ ಮಹಾಸಂಕಟದ ಮುಂದೆ ಒಂದು ಕೆನ್ನೆಪೆಟ್ಟು ನಮಗೆ ಅಲ್ಪವಾಗಿ ಕಾಣುತ್ತದೆ. ಆದರೆ ಪವಿತ್ರಾತ್ಮನು ಇದನ್ನು ವ್ಯರ್ಥವಾಗಿ ಬರೆಸಲಿಲ್ಲ. ಯಾಕಂದರೆ ಅಧಿಕಾರದ ಕೈಯೂ ನ್ಯಾಯದ ಮಾತೂ ಎದುರೆದುರಾಗಿ ನಿಲ್ಲುವ ದಿನಗಳು ಎಲ್ಲಾ ಕಾಲದಲ್ಲಿಯೂ ಎಲ್ಲಾ ದೇಶದಲ್ಲಿಯೂ ಬರುತ್ತವೆ. ನಮ್ಮ ಸಭೆಗಳಲ್ಲಿಯೂ ಬಂದಿವೆ. ಒಂದು ಮನೆಯ ಮಗನು ಪೊಲೀಸು ಪೇದೆಯಾಗಿ ಲಾಠಿ ಹಿಡಿದು ತಾಲೂಕು ಕಚೇರಿಯ ಮುಂದೆ ನಿಂತಿರುತ್ತಾನೆ. ನೆರೆಮನೆಯ ಮಗನು ಸ್ಮಶಾನದ ಜಾಗಕ್ಕಾಗಿಯೋ ಕೂಲಿಗಾಗಿಯೋ ಮೊರೆಯಿಡುತ್ತಾ ಅದೇ ಕಚೇರಿಯ ಮುಂದೆ ಕೂತಿರುತ್ತಾನೆ. ಭಾನುವಾರದಲ್ಲಿ ಈ ಇಬ್ಬರ ತಾಯಂದಿರೂ ಒಂದೇ ಚಾಪೆಯ ಮೇಲೆ ಕೂತು ಪ್ರಾರ್ಥಿಸುತ್ತಾರೆ. ಆಗ ಸಭೆಯಲ್ಲಿ ಪಿಸುಮಾತು ಹುಟ್ಟುತ್ತದೆ. ಒಬ್ಬರು ರೋಮಾಪುರದವರಿಗೆ ಬರೆದ ಪತ್ರಿಕೆಯ 13ನೆಯ ಅಧ್ಯಾಯವನ್ನು ತೆರೆದು, ಅಧಿಕಾರಿಗಳು ದೇವರಿಂದ ನೇಮಿಸಲ್ಪಟ್ಟವರು, ಎದುರಿಸುವದು ಪಾಪ, ಅನ್ನುತ್ತಾರೆ. ಮತ್ತೊಬ್ಬರು ಅಪೊಸ್ತಲರ ಕೃತ್ಯಗಳ 5ನೆಯ ಅಧ್ಯಾಯವನ್ನು ತೆರೆದು, ಮನುಷ್ಯರ ಅಪ್ಪಣೆಗಿಂತ ದೇವರ ಅಪ್ಪಣೆ ದೊಡ್ಡದೆಂದು ಪೇತ್ರನು ಹೇಳಲಿಲ್ಲವೋ, ಅನ್ನುತ್ತಾರೆ. ಎರಡೂ ದೇವರ ವಾಕ್ಯವೇ. ಹಾಗಾದರೆ ನಾವು ಏನು ಮಾಡಬೇಕು?

ಈ ಪ್ರಶ್ನೆಯನ್ನು ಕುರಿತು ದೇವಸೇವಕರೇ ಎರಡು ಪಕ್ಷವಾಗಿ ಬಹಿರಂಗವಾಗಿ ವಾದಿಸಿದ ಒಂದು ಚರಿತ್ರೆಯನ್ನು ನಿಮ್ಮ ಮುಂದೆ ಇಡಲು ಇಷ್ಟಪಡುತ್ತೇವೆ. ಇದು ನಡೆದದ್ದು ಅಮೇರಿಕಾ ದೇಶದ ಆಲಬಾಮ ಸಂಸ್ಥಾನದ ಬರ್ಮಿಂಗ್‌ಹ್ಯಾಮ್ ಪಟ್ಟಣದಲ್ಲಿ, 1963ನೆಯ ಇಸವಿಯಲ್ಲಿ.

ಆ ಕಾಲದಲ್ಲಿ ಆ ಪಟ್ಟಣದ ಕಪ್ಪುವರ್ಣದ ಜನರಿಗೆ ಬಿಳಿಯರ ಸಂಗಡ ಒಂದೇ ಭೋಜನಶಾಲೆಯಲ್ಲಿ ಕೂತು ಉಣ್ಣುವದಕ್ಕೆ ಹಕ್ಕಿರಲಿಲ್ಲ. ಅಂಗಡಿಯಲ್ಲಿ ಅವರ ಹಣಕ್ಕೆ ಬೆಲೆಯಿತ್ತು. ಆದರೆ ಅದೇ ಅಂಗಡಿಯೊಳಗೆ ನೀರು ಕುಡಿಯುವ ನಲ್ಲಿ ಬೇರೆ, ಬಟ್ಟೆ ತೊಟ್ಟುನೋಡುವ ಕೋಣೆ ಬೇರೆ. ಇದನ್ನು ಓದುವಾಗ ನಮ್ಮಲ್ಲಿ ಅನೇಕರಿಗೆ ಅಜ್ಜ ಅಜ್ಜಿಯರು ಹೇಳಿದ ಬಾವಿಕಟ್ಟೆಯ ಮಾತುಗಳೂ, ದೂರದಿಂದ ಬೊಗಸೆಗೆ ಹೊಯ್ದ ನೀರೂ ನೆನಪಿಗೆ ಬರುವದರಲ್ಲಿ ಆಶ್ಚರ್ಯವಿಲ್ಲ. ಆ ಪಟ್ಟಣದಲ್ಲಿ ಫ್ರೆಡ್ ಶಟಲ್ಸ್‌ವರ್ತ್ ಎಂಬ ಬ್ಯಾಪ್ಟಿಸ್ಟ್ ಪಾಲಕರು ಈ ಅನ್ಯಾಯಕ್ಕೆ ವಿರೋಧವಾಗಿ ವರ್ಷಾಂತರಗಳಿಂದ ದುಡಿಯುತ್ತಿದ್ದರು. 1956ರ ಕ್ರಿಸ್ಮಸ್ ರಾತ್ರಿಯಲ್ಲಿ ವೈರಿಗಳು ಅವರ ಮನೆಗೆ ಬಾಂಬು ಇಟ್ಟರೂ ಅವರು ಹೋರಾಟವನ್ನು ಬಿಡಲಿಲ್ಲ. ಅವರು ಕರೆದದ್ದರಿಂದ ಮಾರ್ಟಿನ್ ಲೂಥರ್ ಕಿಂಗ್ ಎಂಬ ಮತ್ತೊಬ್ಬ ಪಾಲಕರು ಅಲ್ಲಿಗೆ ಬಂದರು. 1963ರ ಏಪ್ರಿಲ್ 3ರಂದು ಅಹಿಂಸೆಯ ಚಳವಳಿ ಆರಂಭವಾಯಿತು.

ಈ ಕಿಂಗರು ನಮ್ಮ ದೇಶಕ್ಕೆ ಅಪರಿಚಿತರಲ್ಲ. 1959ರಲ್ಲಿ ಅವರು ಪತ್ನೀಸಮೇತರಾಗಿ ಭಾರತಕ್ಕೆ ಬಂದು ಒಂದು ತಿಂಗಳು ಸಂಚರಿಸಿದ್ದರು. ತಿರುವನಂತಪುರದ ಒಂದು ಶಾಲೆಯಲ್ಲಿ ಅದರ ಮುಖ್ಯೋಪಾಧ್ಯಾಯರು ತಮ್ಮ ಮಕ್ಕಳಿಗೆ ಅವರನ್ನು ಅಮೇರಿಕಾದಿಂದ ಬಂದ ಒಬ್ಬ ಅಸ್ಪೃಶ್ಯರೆಂದು ಪರಿಚಯ ಮಾಡಿಕೊಟ್ಟರಂತೆ. ಮೊದಲು ಅದನ್ನು ಕೇಳಿ ಮನಸ್ಸಿಗೆ ಚುಚ್ಚಿದರೂ, ಆಮೇಲೆ ಯೋಚಿಸಿ ಅದು ನಿಜವೆಂದು ತಾನು ಒಪ್ಪಿಕೊಂಡೆನೆಂದು ಅವರು 1965ರಲ್ಲಿ ತಮ್ಮ ಸಭೆಗೆ ಪ್ರಸಂಗದಲ್ಲಿ ಹೇಳಿದರು. ಆದದರಿಂದ ಇದು ದೂರದೇಶದ ಕಥೆಯಾದರೂ ನಮಗೆ ನಂಟುಳ್ಳ ಕಥೆ.

ಚಳವಳಿ ಆರಂಭವಾಗಿ ಒಂದು ವಾರವಾದ ಮೇಲೆ, ಏಪ್ರಿಲ್ 10ರಂದು, ಅಲ್ಲಿಯ ನ್ಯಾಯಾಲಯವು ಮೆರವಣಿಗೆಗಳನ್ನು ನಿಷೇಧಿಸಿ ಆಜ್ಞೆ ಹೊರಡಿಸಿತು. ಮೆರವಣಿಗೆಗೆ ಪರವಾನಗಿ ಕೊಡಬೇಕಾದವರು ಕೊಡಲೊಲ್ಲರು. ಪರವಾನಗಿ ಇಲ್ಲದೆ ಹೊರಟರೆ ಸೆರೆಮನೆ. ಪಟ್ಟಣದ ಪೊಲೀಸರ ಮೇಲೆ ಅಧಿಕಾರವಿದ್ದ ಕಾನರ್ ಎಂಬವರು ವರ್ಣಭೇದವನ್ನು ಕಾಪಾಡುವದೇ ತನ್ನ ಕರ್ತವ್ಯವೆಂದು ತಿಳಿದವರು. ಏಪ್ರಿಲ್ 12, ಶುಭ ಶುಕ್ರವಾರದಂದು ಕಿಂಗರು ಆ ಆಜ್ಞೆಯನ್ನು ತಿಳಿದೇ ಮೀರಿ ಬೀದಿಗೆ ಇಳಿದರು. ಹಿಡಿಯಲ್ಪಟ್ಟು ಸೆರೆಗೆ ಹಾಕಲ್ಪಟ್ಟರು.

ಅದೇ ದಿವಸ ಎಂಟು ಮಂದಿ ಬಿಳಿಯ ಧರ್ಮಗುರುಗಳ ಒಂದು ಹೇಳಿಕೆ ವೃತ್ತಪತ್ರಿಕೆಯಲ್ಲಿ ಬಂತು. ಅವರಲ್ಲಿ ಬಿಷಪರೂ ಪಾಲಕರೂ ಇದ್ದರು; ಒಬ್ಬರು ಯೆಹೂದ್ಯ ಗುರುಗಳು. ಅವರ ಮಾತಿನ ತಾತ್ಪರ್ಯವೇನಂದರೆ, ಈ ಮೆರವಣಿಗೆಗಳು ವಿವೇಕವಲ್ಲ, ಇದು ಸಮಯವಲ್ಲ. ಹೊರಗಿನಿಂದ ಬಂದವರು ಇವುಗಳಲ್ಲಿ ಮುಂದಾಳುಗಳಾಗಿದ್ದಾರೆ. ಹಕ್ಕುಗಳನ್ನು ನ್ಯಾಯಸ್ಥಾನದಲ್ಲಿ ಕೇಳಬೇಕೇ ಹೊರತು ಬೀದಿಯಲ್ಲಲ್ಲ. ಪೊಲೀಸರು ಶಾಂತಿಯಿಂದ ಕರ್ತವ್ಯ ಮಾಡಿದ್ದಕ್ಕೆ ಹೊಗಳಿಕೆಗೆ ಪಾತ್ರರು.

ಇಲ್ಲಿ ನಾವು ಆತುರಪಟ್ಟು ಆ ಎಂಟು ಮಂದಿಗೆ ತೀರ್ಪುಮಾಡಬಾರದು. ಅವರಲ್ಲಿ ಹೆಚ್ಚಿನವರು ಅದೇ ವರ್ಷದ ಜನವರಿಯಲ್ಲಿ, ನ್ಯಾಯಾಲಯದ ತೀರ್ಪುಗಳನ್ನು ಬಿಳಿಯರು ಮೀರಬಾರದೆಂದು ಬಹಿರಂಗವಾಗಿ ಬರೆದು ಸ್ವಜನರ ಕೋಪಕ್ಕೆ ಗುರಿಯಾಗಿದ್ದರು. ಏಪ್ರಿಲ್ 2ರ ಚುನಾವಣೆಯಲ್ಲಿ ಕಾನರರು ಸೋತಿದ್ದರು. ಹೊಸ ಆಡಳಿತಕ್ಕೆ ಸ್ವಲ್ಪ ಕಾಲ ಕೊಟ್ಟರೆ ರಕ್ತಪಾತವಿಲ್ಲದೆ ಕಾರ್ಯವಾದೀತೆಂಬ ನಿರೀಕ್ಷೆ ಅವರಿಗಿತ್ತು. ಸಮಾಧಾನವನ್ನು ಪ್ರೀತಿಸುವದು ಪಾಪವಲ್ಲ.

ಕಿಂಗರು ಸೆರೆಯಲ್ಲಿ ಆ ಪತ್ರಿಕೆಯನ್ನು ಓದಿದರು. ಕಾಗದವಿಲ್ಲದ್ದರಿಂದ ಆ ಪತ್ರಿಕೆಯ ಅಂಚುಗಳಲ್ಲಿಯೇ ಉತ್ತರ ಬರೆಯಲು ತೊಡಗಿದರು. ಏಪ್ರಿಲ್ 16ರ ತಾರೀಖುಳ್ಳ ಆ ಪತ್ರವು ಲೋಕಪ್ರಸಿದ್ಧವಾಯಿತು. ಸೆರೆಯಿಂದ ಸಭೆಗಳಿಗೆ ಪತ್ರ ಬರೆದ ಪೌಲನ ಪದ್ಧತಿ ನಮ್ಮ ಕಾಲದಲ್ಲಿ ಇನ್ನೊಮ್ಮೆ ಕಾಣಿಸಿತೆಂದು ಹೇಳಬಹುದು. ಅದರಲ್ಲಿ ಅವರು ಕೋಪದಿಂದ ಬೈಯಲಿಲ್ಲ. ಒಂದೊಂದು ಮಾತಿಗೂ ಉತ್ತರಕೊಟ್ಟರು. ಆ ಎಂಟು ಮಂದಿಯಲ್ಲಿ ಒಬ್ಬರಾದ ಸ್ಟಾಲಿಂಗ್ಸ್ ಎಂಬ ಪಾಲಕರು ಹಿಂದಿನ ಭಾನುವಾರ ತಮ್ಮ ಆರಾಧನೆಗೆ ಬಂದ ಕಪ್ಪುಜನರನ್ನು ಬೇರೆ ಕೂರಿಸದೆ ಸೇರಿಸಿಕೊಂಡಿದ್ದನ್ನು ಹೆಸರೆತ್ತಿ ಮೆಚ್ಚಿದರು. ಎದುರುಪಕ್ಷದವನಲ್ಲಿರುವ ಒಳ್ಳೆಯದನ್ನು ಸೆರೆಮನೆಯೊಳಗಿಂದ ಮೆಚ್ಚುವದು ಕ್ರಿಸ್ತನಿಂದ ಕಲಿತ ಪಾಠವಲ್ಲದೆ ಮತ್ತೇನು?

ಆದರೆ ಪೊಲೀಸರ ಹೊಗಳಿಕೆಯ ವಿಷಯವಾಗಿ ಅವರು ಸ್ಪಷ್ಟವಾಗಿ ವಿರೋಧ ಹೇಳಿದರು. ಬೀದಿಯಲ್ಲಿ ಶಾಂತಿ ಕಂಡವರು, ಆಯುಧವಿಲ್ಲದ ಜನರ ಮೇಲೆ ಬಿಟ್ಟ ನಾಯಿಗಳನ್ನು ಕಂಡರೋ? ಸೆರೆಯೊಳಗೆ ಮುದುಕಿಯರನ್ನು ನೂಕಿ ಬೈದದ್ದನ್ನು ಕಂಡರೋ? ಊಟಕ್ಕೆ ಮುಂಚೆ ಕೂಡಿ ಕೃತಜ್ಞತೆಯ ಹಾಡು ಹಾಡಲು ಅಪೇಕ್ಷಿಸಿದ್ದಕ್ಕಾಗಿ ಸೆರೆಯವರಿಗೆ ಎರಡಾವರ್ತಿ ಅನ್ನ ತಪ್ಪಿಸಿದ್ದನ್ನು ಬಲ್ಲರೋ? ಪೊಲೀಸರು ಬಹಿರಂಗದಲ್ಲಿ ಕೈ ಬಿಗಿಹಿಡಿದರೆಂದೇ ಇಟ್ಟುಕೊಳ್ಳೋಣ. ಆ ಸಂಯಮವು ಅನ್ಯಾಯವಾದ ಏರ್ಪಾಟನ್ನು ಕಾಯುವದಕ್ಕಾಗಿ ಇದ್ದರೆ ಅದನ್ನು ಸದ್ಗುಣವೆಂದು ಹೇಗೆ ಹೇಳುವದು? ಅವರ ವಾದದ ಸಾರ ಇದು.

ಇಲ್ಲಿಯೇ ಆ ಎಂಟು ಮಂದಿಯ ತಪ್ಪು ನಮಗೆ ಕಾಣುತ್ತದೆ. ಅವರು ಮೆರವಣಿಗೆಯನ್ನು ನೋಡಿದರು, ಅದನ್ನು ಬೀದಿಗೆ ತಂದ ನೋವನ್ನು ನೋಡಲಿಲ್ಲ. ಉಳುವಾಗ ಎತ್ತು ನೊಗವನ್ನು ಕೊಡಹಿದರೆ ಬುದ್ಧಿಯುಳ್ಳ ಒಕ್ಕಲಿಗನು ಬಾರುಕೋಲು ಎತ್ತುವದಕ್ಕೆ ಮುಂಚೆ ನೊಗವನ್ನು ಎತ್ತಿ ಹೆಗಲಿನ ಹುಣ್ಣನ್ನು ನೋಡುತ್ತಾನೆ. ಹುಣ್ಣನ್ನು ನೋಡದೆ, ಎತ್ತು ಮೊಂಡು, ಹೊಡೆದವನು ಸಹನೆಯುಳ್ಳವನು, ಎಂದು ಬದುವಿನ ಮೇಲೆ ಕೂತು ಹೇಳುವವನು ಸುಳ್ಳು ಹೇಳುವದಿಲ್ಲ. ಆದರೆ ಅರ್ಧವನ್ನು ಹೇಳುತ್ತಾನೆ.

ಹಾಗಾದರೆ ಕಾಯಿದೆಯನ್ನು ಮೀರುವದು ಯಾವಾಗ ಸರಿ? ಈ ಪ್ರಶ್ನೆಯಲ್ಲಿ ನಾವು ಬಹಳ ಜಾಗ್ರತೆಯಿಂದಿರಬೇಕು. ಪೌಲನು ರೋಮಾಪುರದವರಿಗೆ ಬರೆದ ಮಾತು ರದ್ದಾಗಲಿಲ್ಲ. ಅಧಿಕಾರವಿಲ್ಲದ ಊರಿನಲ್ಲಿ ಬಡವನ ಹೊಲವೂ ವಿಧವೆಯ ಕೋಳಿಯೂ ಉಳಿಯುವದಿಲ್ಲ. ಆದರೆ ಅದೇ ಪೌಲನು ಅಧಿಕಾರಿಯು ದೇವರ ಸೇವಕನೆಂದೂ ಒಳ್ಳೆಯದಕ್ಕಾಗಿ ಇದ್ದಾನೆಂದೂ ಹೇಳುತ್ತಾನೆ. ಸೇವಕನಾದವನು ಯಜಮಾನನ ಇಷ್ಟಕ್ಕೆ ವಿರೋಧವಾಗಿ ನಡೆದಾಗ, ಅವನ ಮಾತನ್ನು ಯಜಮಾನನ ಮಾತೆಂದು ತಿಳಿಯಬೇಕಾಗಿಲ್ಲ. ಐಗುಪ್ತದಲ್ಲಿ ಇಬ್ಬರು ಸೂಲಗಿತ್ತಿಯರು ಗಂಡುಕೂಸುಗಳನ್ನು ಕೊಲ್ಲಬೇಕೆಂಬ ಫರೋಹನ ಅಪ್ಪಣೆಯನ್ನು ನಡಿಸಲಿಲ್ಲ. ದೇವರು ಅವರಿಗೆ ಒಳ್ಳೇದು ಮಾಡಿದನು. ಬಾಬೆಲಿನಲ್ಲಿ ಶದ್ರಕ್, ಮೇಶಕ್, ಅಬೇದ್ನೆಗೋ ಎಂಬವರು ಪ್ರತಿಮೆಗೆ ಅಡ್ಡಬೀಳಲಿಲ್ಲ. ಆದರೆ ಇವರು ಯಾರೂ ಅರಮನೆಗೆ ಬೆಂಕಿಯಿಡಲಿಲ್ಲ. ಸೂಲಗಿತ್ತಿಯರು ಜೀವವನ್ನು ಉಳಿಸುವದಕ್ಕಾಗಿ ಅಪ್ಪಣೆ ಮೀರಿದರು. ಆ ಮೂವರು ಬಹಿರಂಗವಾಗಿ ಮೀರಿ ಬೆಂಕಿಯನ್ನೂ ಸಹಿಸಿಕೊಂಡರು.

ಕಿಂಗರು ತಮ್ಮ ಪತ್ರದಲ್ಲಿ ಹೇಳಿದ್ದೂ ಇದೇ. ಅನ್ಯಾಯವಾದ ಕಾಯಿದೆಯನ್ನು ಮೀರುವವನು ಅಡಗಿ ಮೀರಬಾರದು. ಬಹಿರಂಗವಾಗಿ, ಪ್ರೀತಿಯಿಂದ, ಶಿಕ್ಷೆಗೆ ಸಿದ್ಧನಾಗಿ ಮೀರಬೇಕು. ಅಂಥವನು ಕಾಯಿದೆಯನ್ನು ತಿರಸ್ಕರಿಸುವವನಲ್ಲ, ಅದರ ಗೌರವವನ್ನು ಉಳಿಸುವವನು. ಇದಕ್ಕೆ ಮುಂಚೆ ನಾಲ್ಕು ಹೆಜ್ಜೆಗಳಿವೆ ಎಂದೂ ಅವರು ಬರೆದರು: ಮೊದಲು ಅನ್ಯಾಯ ಉಂಟೋ ಇಲ್ಲವೋ ಎಂದು ಸಂಗತಿಗಳನ್ನು ಕೂಡಿಸುವದು, ಎರಡನೆಯದು ಎದುರುಪಕ್ಷದವರೊಡನೆ ಕೂತು ಮಾತಾಡುವದು, ಮೂರನೆಯದು ತನ್ನನ್ನು ತಾನು ಶುದ್ಧಮಾಡಿಕೊಳ್ಳುವದು, ಕಡೆಯದು ಬೀದಿಗೆ ಇಳಿಯುವದು. ಅವರ ಸಂಗಡ ಸೇರುವವರು ಒಂದು ಪ್ರತಿಜ್ಞಾಪತ್ರಕ್ಕೆ ಸಹಿ ಹಾಕಬೇಕಾಗಿತ್ತು. ದಿನಾಲು ಯೇಸುವಿನ ಜೀವಿತವನ್ನು ಧ್ಯಾನಿಸುವದು, ಜಯವನ್ನಲ್ಲ ನ್ಯಾಯವನ್ನೂ ಸಮಾಧಾನವನ್ನೂ ಹುಡುಕುವದು, ಮಿತ್ರನಿಗೂ ವೈರಿಗೂ ಮರ್ಯಾದೆ ತೋರಿಸುವದು, ಕೈಯಿಂದಾಗಲಿ ನಾಲಿಗೆಯಿಂದಾಗಲಿ ಹೃದಯದಿಂದಾಗಲಿ ಹಿಂಸೆ ಮಾಡದಿರುವದು ಎಂಬವು ಅದರಲ್ಲಿದ್ದವು. ಬೀದಿಗೆ ಇಳಿಯುವವರು ಮೊದಲು ಮೊಣಕಾಲೂರಿದರು. ನಮ್ಮ ಕಾಲದ ಎಷ್ಟು ಮೆರವಣಿಗೆಗಳಲ್ಲಿ ಈ ಮೂರನೆಯ ಹೆಜ್ಜೆ ಇದೆ?

ಈ ಹೆಜ್ಜೆ ತಪ್ಪಿದರೆ ಏನಾಗುತ್ತದೆಂಬದಕ್ಕೆ ನಮ್ಮ ನಾಡೇ ಸಾಕ್ಷಿ. 1922ರ ಫೆಬ್ರವರಿಯಲ್ಲಿ ಚೌರಿಚೌರಾ ಎಂಬಲ್ಲಿ ರೇಗಿದ ಗುಂಪು ಠಾಣೆಗೆ ಬೆಂಕಿಯಿಟ್ಟಿತು. 22 ಮಂದಿ ಪೊಲೀಸರು ಸತ್ತರು. ಗಾಂಧಿಯವರು ಇಡೀ ಚಳವಳಿಯನ್ನೇ ನಿಲ್ಲಿಸಿಬಿಟ್ಟರು. 1942ರಲ್ಲಿ ಶಿಕಾರಿಪುರ ತಾಲೂಕಿನ ಈಸೂರಿನಲ್ಲಿ ಜನರಿಗೂ ಅಧಿಕಾರಿಗಳಿಗೂ ಘರ್ಷಣೆಯಾಗಿ ಅಮಲ್ದಾರರೂ ಪೊಲೀಸು ಅಧಿಕಾರಿಯೂ ಹತರಾದರು. ಮರುವರ್ಷ ಊರಿನ ಐವರು ಗಲ್ಲಿಗೇರಿದರು. ಇನ್ನೊಂದು ಕಡೆ, 1938ರ ಏಪ್ರಿಲ್ 25ರಂದು ವಿದುರಾಶ್ವತ್ಥದಲ್ಲಿ ಧ್ವಜಕ್ಕಾಗಿ ಕೂಡಿದ್ದ ಜನರ ಮೇಲೆ ಪೊಲೀಸರು ಗುಂಡು ಹಾರಿಸಿದರು. ಯಾರ ಕೈ ಮೊದಲು ಎದ್ದರೂ, ಕಡೆಗೆ ಎದೆ ಬಡಿದುಕೊಂಡವರು ಎರಡೂ ಕಡೆಯ ತಾಯಂದಿರು.

ಆಜ್ಞೆಯನ್ನು ಮೀರುವದೊಂದೇ ಧೈರ್ಯವೆಂದು ಯಾರೂ ತಿಳಿಯಬಾರದು. 1927ರ ಮಾರ್ಚ್ 20ರಂದು ಡಾಕ್ಟರ್ ಅಂಬೇಡ್ಕರರು ಮಹಾಡ್ ಎಂಬ ಊರಿನ ಚವದಾರ ಕೆರೆಗೆ ಸಾವಿರಾರು ಜನರನ್ನು ಕರಕೊಂಡು ಹೋಗಿ ನೀರು ಕುಡಿದರು. ಆ ಕೆರೆಯನ್ನು ಪುರಸಭೆಯೇ ಎಲ್ಲರಿಗೂ ತೆರೆದಿತ್ತು. ಆದರೂ ನೀರು ಮುಟ್ಟಿದ್ದಕ್ಕಾಗಿ ಅವರ ಜನರು ಪೆಟ್ಟು ತಿಂದರು. ಅಂಬೇಡ್ಕರರು ಅವರನ್ನು ತಿರುಗಿ ಹೊಡೆಯದಂತೆ ತಡೆದರು. ಅದೇ ವರ್ಷದ ಡಿಸೆಂಬರಿನಲ್ಲಿ ಪುನಃ ಹೋಗಬೇಕೆಂದಿದ್ದಾಗ ಎದುರುಪಕ್ಷದವರು ನ್ಯಾಯಾಲಯದಿಂದ ತಡೆಯಾಜ್ಞೆ ತಂದರು. ಕೂಡಿಬಂದ ಜನರು ಹೊರಡಲು ತವಕಪಟ್ಟರೂ ಅಂಬೇಡ್ಕರರು ಆಜ್ಞೆಯನ್ನು ಮೀರದೆ ನ್ಯಾಯಸ್ಥಾನದಲ್ಲಿ ಹೋರಾಡಲು ಒಪ್ಪಿಸಿದರು. ಹತ್ತು ವರ್ಷಗಳಾದ ಮೇಲೆ, 1937ರಲ್ಲಿ, ಬೊಂಬಾಯಿ ಹೈಕೋರ್ಟು ಅವರ ಪಕ್ಷವಾಗಿ ತೀರ್ಪುಕೊಟ್ಟಿತು. ಒಬ್ಬರು ತಡೆಯಾಜ್ಞೆಗೆ ಒಳಪಟ್ಟರು, ಮತ್ತೊಬ್ಬರು ಮೀರಿ ಸೆರೆಗೆ ಹೋದರು. ಇಬ್ಬರೂ ಅನ್ಯಾಯಕ್ಕೆ ತಲೆಬಾಗಲಿಲ್ಲ; ಇಬ್ಬರೂ ಕಲ್ಲು ಎತ್ತಲಿಲ್ಲ. ಯಾವ ವೇಳೆಯಲ್ಲಿ ಯಾವದು ತಕ್ಕದ್ದೆಂಬದನ್ನು ಪ್ರಾರ್ಥನೆಯಿಂದಲೂ ಹಿರಿಯರ ಆಲೋಚನೆಯಿಂದಲೂ ತಿಳಿಯಬೇಕೇ ಹೊರತು ಗುಂಪಿನ ಕೂಗಿನಿಂದಲ್ಲ.

ಬರ್ಮಿಂಗ್‌ಹ್ಯಾಮಿನ ಕಥೆ ಇನ್ನೂ ಮುಗಿಯಲಿಲ್ಲ. ಮೇ 2ರಂದು ಸಾವಿರಕ್ಕಿಂತ ಹೆಚ್ಚು ಶಾಲಾಮಕ್ಕಳು ದೇವಾಲಯದಿಂದ ಹಾಡುತ್ತಾ ಹೊರಟರು. ನೂರಾರು ಮಕ್ಕಳು ಸೆರೆಹಿಡಿಯಲ್ಪಟ್ಟರು. ಮರುದಿನ ಕಾನರರ ಅಪ್ಪಣೆಯಿಂದ ಬೆಂಕಿ ಆರಿಸುವ ಕೊಳವೆಗಳ ರಭಸವಾದ ನೀರನ್ನು ಮಕ್ಕಳ ಮೇಲೂ ದೊಡ್ಡವರ ಮೇಲೂ ಬಿಟ್ಟರು, ನಾಯಿಗಳನ್ನೂ ಛೂಬಿಟ್ಟರು. ಆ ಚಿತ್ರಗಳನ್ನು ಕಂಡು ಲೋಕವೇ ನಡುಗಿತು. ಆದರೆ ಮಕ್ಕಳನ್ನು ಅಪಾಯದ ಬಾಯಿಗೆ ಕಳುಹಿಸಿದ್ದು ಸರಿಯೋ ಎಂದು ಪ್ರಶ್ನಿಸಿದವರೂ ಇದ್ದರು; ಅವರಲ್ಲಿ ಕಪ್ಪುಜನರ ಹಿತವನ್ನು ಬಯಸಿದವರೇ ಅನೇಕರು. ಆ ಮಕ್ಕಳು ವರ್ಣಭೇದದಿಂದ ದಿನಾಲು ಗಾಯಪಡುತ್ತಿರಲಿಲ್ಲವೋ ಎಂದು ಇವರು ಉತ್ತರಕೊಟ್ಟರು. ನಾವು ಈ ವಾದವನ್ನು ಹಗುರವಾಗಿ ತೀರಿಸಲಾರೆವು. ಮಕ್ಕಳನ್ನು ಮುಂದಿಟ್ಟು ತಾನು ಹಿಂದೆ ನಿಲ್ಲುವ ನಾಯಕನನ್ನು ನಾವು ನಂಬಬಾರದು. ಸ್ವತಃ ಸೆರೆಗೆ ಹೋಗಿ ಬಂದವನ ಮಾತನ್ನು ಕೇಳದೆ ತಳ್ಳಿಬಿಡಲೂಬಾರದು.

ಮೇ 5 ಭಾನುವಾರವಾಗಿತ್ತು. ಆ ದಿನ ಬಿಲ್ಲಪ್ಸ್ ಎಂಬ ಪಾಲಕರು ಮುಂದಾಗಿ ಜನರು ಸೆರೆಮನೆಯ ಕಡೆಗೆ ಪ್ರಾರ್ಥನೆಗಾಗಿ ನಡೆದರು. ಎದುರಿಗೆ ಪೊಲೀಸರೂ ನೀರಿನ ಕೊಳವೆ ಹಿಡಿದವರೂ ಅಡ್ಡನಿಂತಿದ್ದರು. ಜನರು ಬೀದಿಯಲ್ಲಿಯೇ ಮೊಣಕಾಲೂರಿ ಪ್ರಾರ್ಥಿಸಿದರು. ಆಮೇಲೆ ಎದ್ದು ಮುಂದಕ್ಕೆ ನಡೆದಾಗ ನೀರು ಬಿಡಲಿಲ್ಲ. ಕೊಳವೆ ಹಿಡಿದವರು ಸರಿದು ದಾರಿಕೊಟ್ಟರು. ಅಪ್ಪಣೆಯಾದರೂ ಅವರ ಕೈ ಏಳಲಿಲ್ಲವೆಂದು ಕಿಂಗರು ಬರೆದಿದ್ದಾರೆ. ಸಮವಸ್ತ್ರದ ಕೆಳಗೆ ಒಂದು ಮನಸ್ಸಾಕ್ಷಿ ಇದೆಯೆಂಬದನ್ನು ಆ ಭಾನುವಾರ ತೋರಿಸಿತು. ಎದುರಿಗಿರುವವನನ್ನು ಮೃಗವೆಂದು ಕರೆದಿದ್ದರೆ ಆ ಮನಸ್ಸಾಕ್ಷಿ ಎಚ್ಚರಗೊಳ್ಳುತ್ತಿತ್ತೋ?

ಮೇ 10ರಂದು ಒಪ್ಪಂದವಾಯಿತು. ಮರುರಾತ್ರಿಯೇ ವೈರಿಗಳು ಬಾಂಬುಗಳನ್ನಿಟ್ಟರು. ಆಗ ಕಪ್ಪುಜನರಲ್ಲಿಯೂ ಕೆಲವರು ರೇಗಿ ಕಲ್ಲು ತೂರಿದರು, ಬೆಂಕಿ ಹಚ್ಚಿದರು. ಸೆಪ್ಟೆಂಬರ್ 15ರ ಭಾನುವಾರ ಬೆಳಿಗ್ಗೆ 16ನೆಯ ಬೀದಿಯ ಬ್ಯಾಪ್ಟಿಸ್ಟ್ ದೇವಾಲಯದಲ್ಲಿ ಬಾಂಬು ಸಿಡಿದು ನಾಲ್ವರು ಹುಡುಗಿಯರು ಸತ್ತರು. ಅಪರಾಧಿಗಳಲ್ಲಿ ಒಬ್ಬನಿಗೆ 1977ರಲ್ಲಿ, ಇನ್ನಿಬ್ಬರಿಗೆ 2001, 2002ರಲ್ಲಿ ಶಿಕ್ಷೆಯಾಯಿತು. 1964ರ ಜುಲೈ 2ರಂದು ಸಾರ್ವಜನಿಕ ಸ್ಥಳಗಳ ವರ್ಣಭೇದವನ್ನು ತೆಗೆದುಹಾಕುವ ಕಾಯಿದೆಗೆ ಸಹಿ ಬಿತ್ತು. ಕಿಂಗರು ಮೀರಿದ ಆಜ್ಞೆಯ ವಿಷಯವೇನಾಯಿತು? 1967ರಲ್ಲಿ ಆ ದೇಶದ ಅತ್ಯುನ್ನತ ನ್ಯಾಯಾಲಯವು, ಆಜ್ಞೆ ತಪ್ಪಾಗಿದ್ದರೂ ಅದನ್ನು ನ್ಯಾಯಸ್ಥಾನದಲ್ಲಿ ಪ್ರಶ್ನಿಸಬೇಕಾಗಿತ್ತು, ಮೀರಬಾರದಾಗಿತ್ತು, ಎಂದು ಐದು ಮಂದಿಗೆ ನಾಲ್ಕು ಮಂದಿಯ ಮತದಿಂದ ತೀರ್ಪುಮಾಡಿತು. ಕಿಂಗರು ತಿರುಗಿ ಸೆರೆಗೆ ಹೋದರು, ತಪ್ಪಿಸಿಕೊಳ್ಳಲಿಲ್ಲ. 1969ರಲ್ಲಿ ಶಟಲ್ಸ್‌ವರ್ತರ ಮೊಕದ್ದಮೆಯಲ್ಲಿ ಅದೇ ನ್ಯಾಯಾಲಯವು ಅದೇ ಮೆರವಣಿಗೆಗಾಗಿ ಪರವಾನಗಿಯ ನಿಯಮದಂತೆ ಅವರಿಗಾಗಿದ್ದ ಶಿಕ್ಷೆಯನ್ನು ತಳ್ಳಿಹಾಕಿತು. ನ್ಯಾಯಾಧೀಶರೊಳಗೇ ಭಿನ್ನಾಭಿಪ್ರಾಯವಾದ ಸಂಗತಿಯಲ್ಲಿ ನಮ್ಮ ಸಭೆಯ ಜಗಲಿಯ ಮೇಲೆ ಭಿನ್ನಾಭಿಪ್ರಾಯವಾಗುವದು ಆಶ್ಚರ್ಯವಲ್ಲ. ಭಿನ್ನಾಭಿಪ್ರಾಯಕ್ಕಾಗಿ ಕರ್ತನ ಭೋಜನವನ್ನು ಬಿಟ್ಟುಹೋಗುವದೇ ಆಶ್ಚರ್ಯ.

ಆ ಎಂಟು ಮಂದಿಯಲ್ಲಿ ಡ್ಯೂರಿಕ್ ಎಂಬ ಬಿಷಪರು ಮುಂದೆ ಕಪ್ಪುಜನರ ಹಕ್ಕುಗಳಿಗಾಗಿ ಧೈರ್ಯದಿಂದ ನಿಂತವರೆಂದು ಹೆಸರಾದರು. ಒಂದು ದಿನದ ಸಹಿಯು ಒಬ್ಬನ ಜೀವಮಾನವಲ್ಲ. ಇಂದು ನಮಗೆ ವಿರೋಧವಾಗಿ ಮಾತಾಡಿದವನನ್ನು ದೇವರು ನಾಳೆ ನಮ್ಮ ಪಕ್ಕದಲ್ಲಿ ನಿಲ್ಲಿಸಬಲ್ಲನು.

ಈಗ ಪ್ರಿಯರೇ, ನಮ್ಮ ಆ ಎರಡು ಮನೆಗಳಿಗೆ ತಿರುಗಿ ಬರೋಣ.

ಬೀದಿಗೆ ಹೋಗುವ ಮಗನೇ, ನಮ್ಮ ರಾಜ್ಯಾಂಗದ 19ನೆಯ ಅನುಚ್ಛೇದವು ಆಯುಧವಿಲ್ಲದೆ ಶಾಂತವಾಗಿ ಕೂಡುವ ಹಕ್ಕನ್ನು ನಿನಗೆ ಕೊಟ್ಟಿದೆ. ಯುಕ್ತವಾದ ಮಿತಿಗಳನ್ನೂ ಇಟ್ಟಿದೆ. ಹಿಂದೆ 144ನೆಯ ಕಲಮೆಂದು ಕರೆಯಲ್ಪಡುತ್ತಿದ್ದ ನಿಷೇಧಾಜ್ಞೆಯು 2024ರ ಜುಲೈ 1ರಿಂದ ಹೊಸ ಸಂಹಿತೆಯ 163ನೆಯ ಕಲಮಿನಲ್ಲಿದೆ, ಅದನ್ನು ತಿಳಿದುಕೋ. ಹೋಗುವ ಮುಂಚೆ ಸಂಗತಿ ನಿಜವೋ ಎಂದು ವಿಚಾರಿಸು, ಅಧಿಕಾರಿಗೆ ಬರಹದಲ್ಲಿ ಅರ್ಜಿ ಕೊಡು, ಪ್ರಾರ್ಥನೆ ಮಾಡು. ಕೈಯಲ್ಲಿ ಕೋಲು ಬೇಡ, ಬಾಯಲ್ಲಿ ಹೆಂಡದ ವಾಸನೆ ಬೇಡ, ಮಾತಿನಲ್ಲಿ ಸುಳ್ಳು ಬೇಡ. ಸೆರೆಯಾದರೆ ಓಡಬೇಡ. ಆದರೆ ನಿನ್ನ ಹಕ್ಕನ್ನೂ ಮರೆಯಬೇಡ: ಹಿಡಿದವರು 24 ತಾಸುಗಳೊಳಗೆ ನಿನ್ನನ್ನು ಮ್ಯಾಜಿಸ್ಟ್ರೇಟರ ಮುಂದೆ ನಿಲ್ಲಿಸಬೇಕೆಂದು ರಾಜ್ಯಾಂಗವೇ ಹೇಳುತ್ತದೆ. ಫಿಲಿಪ್ಪಿ ಪಟ್ಟಣದಲ್ಲಿ ವಿಚಾರಣೆಯಿಲ್ಲದೆ ಹೊಡೆಸಿಕೊಂಡ ಪೌಲನು ಗುಟ್ಟಾಗಿ ಬಿಡುಗಡೆ ಹೊಂದಲು ಒಪ್ಪದೆ, ಅಧಿಕಾರಿಗಳೇ ಬಂದು ಕರಕೊಂಡು ಹೋಗಲಿ ಅಂದನು. ದೀನತೆಯೆಂದರೆ ಅಂಜಿಕೆಯಲ್ಲ.

ಲಾಠಿ ಹಿಡಿಯುವ ಮಗನೇ, ನಿನ್ನ ಕೆಲಸವು ಕೀಳಲ್ಲ. ಸಿಪಾಯಿಗಳು ಸ್ನಾನಿಕನಾದ ಯೋಹಾನನ ಬಳಿಗೆ ಬಂದಾಗ ಅವನು ಕೆಲಸ ಬಿಡಿರೆಂದು ಹೇಳಲಿಲ್ಲ. ಬಲಾತ್ಕಾರದಿಂದ ಸುಲುಕೊಳ್ಳಬೇಡಿರಿ, ಸುಳ್ಳುದೂರು ಹೇಳಬೇಡಿರಿ, ಸಂಬಳದಲ್ಲಿ ತೃಪ್ತರಾಗಿರಿ ಎಂದು ಬುದ್ಧಿಹೇಳಿದನು. ಕಲ್ಲು ಬೀಳುವ ಬೀದಿಯಲ್ಲಿ ಉಪವಾಸ ನಿಂತು ಊರನ್ನು ಕಾಯುವ ನಿನ್ನ ಕಷ್ಟವನ್ನು ಕರ್ತನು ಬಲ್ಲನು. ಆದರೆ ಕಟ್ಟಿಹಾಕಲ್ಪಟ್ಟವನಿಗೆ ಬಿದ್ದ ಪೆಟ್ಟು ಯಾರಿಗೆ ಬಿತ್ತೆಂಬದನ್ನು ಮರೆಯಬೇಡ. ಆ ರಾತ್ರಿ ಓಲೇಕಾರನು ಹೊಡೆದದ್ದು ಯಾರನ್ನೆಂದು ಅವನಿಗೆ ಗೊತ್ತಿರಲಿಲ್ಲ. ಫಿಲಿಪ್ಪಿಯ ಸೆರೆಯ ಯಜಮಾನನನ್ನು ನೆನಸಿಕೋ: ಸಂಜೆ ಅಪ್ಪಣೆಯಂತೆ ಕಾಲುಗಳಿಗೆ ಕೊಳಹಾಕಿದವನು, ನಡುರಾತ್ರಿಯಲ್ಲಿ ಅದೇ ಸೆರೆಯವರ ಗಾಯಗಳನ್ನು ತೊಳೆದು ಅವರಿಗೆ ಊಟವಿಟ್ಟನು. ಕೆಲಸ ಅದೇ, ಬೀಗದ ಕೈ ಅದೇ. ಹೃದಯ ಮಾತ್ರ ಬದಲಾಯಿತು.

ಈ ಎರಡು ಮನೆಗಳ ನಡುವೆ ಕೂತಿರುವ ಸಭೆಯೇ, ಬದುವಿನ ಮೇಲೆ ಕೂತು ಹೊಗಳಿಕೆಯನ್ನೂ ಬೈಗಳನ್ನೂ ಹಂಚಬೇಡ. ಸೆರೆಯಾದವನ ಮನೆಯಲ್ಲಿ ಒಲೆ ಹತ್ತಿತೋ ಎಂದು ನೋಡು. ಪೇದೆಯ ಹೆಂಡತಿಯನ್ನು ನಲ್ಲಿಯ ಹತ್ತಿರ ಯಾರಾದರೂ ಹಂಗಿಸಿದರೋ ಎಂದು ವಿಚಾರಿಸು. ಅನ್ಯಾಯವು ಕಂಡಾಗ ಅದನ್ನು ಅನ್ಯಾಯವೆಂದು ಹೆಸರಿಟ್ಟು ಹೇಳು. ಇನ್ನೂ ಸಮಯವಲ್ಲವೆಂದು ನೊಂದವನಿಗೆ ಹೇಳುವ ಮುಂಚೆ, ಆ ಸಮಯ ಯಾವಾಗ ಬರುವದೆಂದು ನಿನ್ನನ್ನೇ ಕೇಳಿಕೋ.

ಕಡೆಯದಾಗಿ ಆ ತೋಟಕ್ಕೆ ಹೋಗೋಣ. ಕರ್ತನನ್ನು ಹಿಡಿಯಲು ಬಂದವರ ಗುಂಪಿನಲ್ಲಿ ಮಹಾಯಾಜಕನ ಆಳಾದ ಮಲ್ಕನಿದ್ದನು. ಪೇತ್ರನು ಕತ್ತಿ ಬೀಸಿ ಅವನ ಬಲಗಿವಿಯನ್ನು ಕಡಿದನು. ಅನ್ಯಾಯವಾಗಿ ಹಿಡಿಯಲ್ಪಡುತ್ತಿದ್ದ ಆ ಗಳಿಗೆಯಲ್ಲಿಯೂ ಕರ್ತನು ಆ ಕಿವಿಯನ್ನು ಮುಟ್ಟಿ ವಾಸಿಮಾಡಿದನು. ಕಟ್ಟಲ್ಪಡುವದಕ್ಕೆ ಮುಂಚೆ ಆತನ ಕೈ ಮಾಡಿದ ಕಡೆಯ ಕೆಲಸ ಅದೇ. ಅದೇ ರಾತ್ರಿ ಅದೇ ಕರ್ತನು ಕೆನ್ನೆಗೆ ಹೊಡೆದವನನ್ನು ಕಾರಣ ಕೇಳಿದನು. ವಾಸಿಮಾಡುವ ಕೈಯೂ ಪ್ರಶ್ನೆ ಕೇಳುವ ಬಾಯಿಯೂ ಒಬ್ಬಾತನಲ್ಲಿಯೇ ಕೂಡಿದ್ದವು. ನಾವು ಒಂದನ್ನು ಹಿಡಿದು ಮತ್ತೊಂದನ್ನು ಬಿಡುತ್ತೇವೆ. ಎರಡನ್ನೂ ಹಿಡಿಯುವ ಕೃಪೆಯನ್ನು ಆತನಲ್ಲಿಯೇ ಬೇಡಿಕೊಳ್ಳೋಣ.

ಪರಲೋಕದ ತಂದೆಯೇ, ನಮ್ಮನ್ನು ಆಳುವವರಿಗೆ ನ್ಯಾಯವನ್ನೂ, ಕಾಯುವವರಿಗೆ ಕರುಣೆಯನ್ನೂ, ನೊಂದು ಮೊರೆಯಿಡುವವರಿಗೆ ಸತ್ಯವನ್ನೂ ತಾಳ್ಮೆಯನ್ನೂ ದಯಪಾಲಿಸು. ಒಂದೇ ಚಾಪೆಯ ಮೇಲೆ ಕೂತು ಪ್ರಾರ್ಥಿಸುವ ಎರಡು ಮನೆಗಳ ತಾಯಂದಿರನ್ನು ಅಗಲಿಸಬೇಡ. ಪೆಟ್ಟು ತಿಂದರೂ ಸತ್ಯವನ್ನು ಬಿಡದೆ, ಪ್ರೀತಿಯನ್ನೂ ಬಿಡದೆ ನಿಂತ ನಿನ್ನ ಮಗನ ನಾಮದಲ್ಲಿ ಬೇಡಿಕೊಳ್ಳುತ್ತೇವೆ. ಆಮೆನ್.